ಕೊನೆಗೆ ಹೆಚ್ಚುವ ಹಣ್ಣು

ಮಂಗಳವಾರ ಸಂಜೆ ಕೆಲಸದಿಂದ ಬಂದು ಬೀಗ ತೆಗೆದಾಗ ಕೋಣೆಯ ತುಂಬ ಬಾಳೆಹಣ್ಣಿನ ವಾಸನೆ ಹಬ್ಬಿತ್ತು. ಹದವಾಗಿ ಕಳಿತ ಹಣ್ಣಿನದಲ್ಲ. ಹದ ಮೀರಿದ್ದು, ಸಿಹಿ ಹುಳಿಗೆ ತಿರುಗುವಾಗ ಬರುವಂಥದು. ಅಡುಗೆಕಟ್ಟೆಯ ಮೂಲೆಯಲ್ಲಿ ರವಿವಾರದಿಂದ ಒಂದು ಹಣ್ಣು ಹಾಗೇ ಉಳಿದಿತ್ತು. ಸಿಪ್ಪೆ ಪೂರ್ತಿ ಕಪ್ಪಾಗಿತ್ತು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆ.

ರವಿವಾರ ನಾನು ಹಣ್ಣಿನ ಸಲಾಡ್ ಮಾಡುತ್ತಿದ್ದೆ. ಕಲಬುರಗಿಯ ಬಿಸಿಲಿನಲ್ಲಿ ಮಧ್ಯಾಹ್ನ ಬಿಸಿ ಅನ್ನ ಸೇರುವುದಿಲ್ಲ. ಅನಾನಸ್, ಪಪ್ಪಾಯಿ, ಮಾವು, ಚಿಕ್ಕು ಹೆಚ್ಚಿ, ನಿಂಬೆ ಹಿಂಡಿ, ಒಂದು ಚಿಟಿಕೆ ಕರಿ ಉಪ್ಪು ಉದುರಿಸಿ, ಬಾಳೆಹಣ್ಣನ್ನು ಮಾತ್ರ ಕೊನೆಗೆಂದು ಬದಿಗಿಟ್ಟಿದ್ದೆ. ಅಷ್ಟರಲ್ಲಿ ಶಹಾಬಾದಿನಿಂದ ಅಮ್ಮನ ಫೋನು ಬಂತು. ಊಟವಾಯಿತೇ ಎಂದು ಕೇಳಿದಳು, ನಳದಲ್ಲಿ ನೀರು ಬರುತ್ತಿದೆಯೇ ಎಂದು ಕೇಳಿದಳು. ಇನ್ನೇನು ಮಾತು ಮುಗಿಯಿತು ಅನ್ನುವಾಗ ಹೇಳಿದಳು: "ಪಕ್ಕದ ಮನ್ಯಾಗಿದ್ದ ಕಾಕು ಹೋದ್ರಂತ. ವಾರದ ಮ್ಯಾಲಾತಂತ. ನಮಗ ಇವತ್ತ ಗೊತ್ತಾತು."

ನಾನು ಹೂಂ ಎಂದೆ. ಬೋಗುಣಿಗೆ ತಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ. ಬಾಳೆಹಣ್ಣನ್ನು ಮುಟ್ಟಲಿಲ್ಲ.

ಕಾಕು ನಮಗೆ ರಕ್ತಸಂಬಂಧಿಯೇನಲ್ಲ. ಶಹಾಬಾದಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಹಿತ್ತಲಿನ ಒಂದು ಮೋಟುಗೋಡೆ. ಅಪ್ಪ ಹೈಸ್ಕೂಲಿನಲ್ಲಿ ಮಾಸ್ತರರು. ಕಾಕುವಿನ ಗಂಡ, ನಾವು ಕಾಕಾ ಅನ್ನುತ್ತಿದ್ದವರು, ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಅವರಿಗೆ ಒಬ್ಬಳೇ ಮಗಳು. ನನ್ನದೇ ವಯಸ್ಸು, ನನ್ನದೇ ತರಗತಿ, ಒಂದೇ ಬೆಂಚು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ನೆಲವೂ ಕಲ್ಲು, ಗೋಡೆಯೂ ಕಲ್ಲು, ಮಾಡೂ ಕಲ್ಲಿನ ಹಾಸು. ಬೇಸಿಗೆಯಲ್ಲಿ ಆ ಮನೆಗಳು ಒಲೆಯ ಹಾಗೆ ಕಾಯುತ್ತಿದ್ದವು. ಶಾಲೆಗೆ ಸೂಟಿ ಬಿಟ್ಟ ಮೇಲೆ ಕಾಕು ಮಧ್ಯಾಹ್ನಕ್ಕೆ ಹಣ್ಣು ಕಲಸುತ್ತಿದ್ದರು. ಫ್ರಿಜ್ಜು ಇರಲಿಲ್ಲ. ಅಡುಗೆಕಟ್ಟೆಯ ಫರಸಿಗೆ ನೀರು ಚೆಲ್ಲಿ, ಅದರ ಮೇಲೆ ಹಿತ್ತಾಳೆಯ ಬೋಗುಣಿ ಇಟ್ಟು, ಮೇಲೆ ತೊಯ್ದ ಅರಿವೆ ಹೊದಿಸುತ್ತಿದ್ದರು. ಅರಿವೆ ಒಣಗಿದರೆ ಮತ್ತೆ ನೀರು ಚಿಮುಕಿಸುವುದು ನನ್ನ ಮತ್ತು ಅವಳ ಕೆಲಸ. ಹಣ್ಣು ಎಷ್ಟು ತಣ್ಣಗಾಗುತ್ತಿತ್ತೆಂದರೆ, ಹಲ್ಲಿಗೆ ಚುರ್ ಅನ್ನುವಷ್ಟಲ್ಲ, ಗಂಟಲಿಗೆ ಹಿತವಾಗುವಷ್ಟು...

ನಿಂಬೆಯ ರಸ ಬೋಗುಣಿಯ ಅಂಚಿನಿಂದ ಸೋರಿ ಕಲ್ಲಿಗೆ ತಾಗಿ, ಅಲ್ಲೊಂದು ಬಿಳಿ ಬಳೆಯಂಥ ಕಲೆ ಬಿದ್ದಿತ್ತು. ನಮ್ಮ ಊರ ಕಲ್ಲು ಹುಳಿಯನ್ನು ತಡೆಯುವುದಿಲ್ಲ. ಅದನ್ನು ತಿಕ್ಕಿ ತೆಗೆದುಕೊಡುತ್ತೇನೆ ಎಂದು ಕಾಕಾ ಎಷ್ಟೋ ಸಲ ಹೇಳಿದ್ದರು. ಕಾಕು ಒಪ್ಪಿರಲಿಲ್ಲ. ಬೋಗುಣಿಗೆ ಅದರ ಜಾಗ ಗೊತ್ತಿರಲಿ ಅನ್ನುತ್ತಿದ್ದರು.

ಹೆಚ್ಚುವುದರಲ್ಲಿ ಅವರಿಗೊಂದು ಕ್ರಮವಿತ್ತು. ಮೊದಲು ಅನಾನಸ್. ಆಮೇಲೆ ಹಿತ್ತಲಿನ ಗಿಡದ ಪಪ್ಪಾಯಿ. ಆಮೇಲೆ ಮಾವು, ಚಂದ್ರಂಪಳ್ಳಿ ಕಡೆಯ ತವರಿನಿಂದ ಅವರ ಅಣ್ಣ ಚೀಲದಲ್ಲಿ ಹುಲ್ಲು ಹಾಸಿ ತರುತ್ತಿದ್ದದ್ದು. ಬಾಳೆಹಣ್ಣು ಎಲ್ಲಕ್ಕಿಂತ ಕೊನೆಗೆ, ತಿನ್ನುವವರೆಲ್ಲ ಬಂದು ಕುಳಿತ ಮೇಲೆ.

"ಬಾಳಿಹಣ್ಣು ತಿನ್ನೋರ ಮುಖ ನೋಡಿ ಹೆಚ್ಚಬೇಕು," ಅನ್ನುತ್ತಿದ್ದರು. "ಮೊದಲೇ ಹೆಚ್ಚಿಟ್ಟರ ಮುನಿಸ್ಕೊಂಡು ಮುಖ ಕಪ್ಪ ಮಾಡ್ತದ."

ಅದಕ್ಕೂ ನಿಂಬೆ ಹಿಂಡಿದರೆ ಕಪ್ಪಾಗುವುದಿಲ್ಲ ಎಂದು ಅಮ್ಮ ಗೋಡೆಯ ಈಚೆಯಿಂದ ಹೇಳಿದರೆ, "ಪಾಪದ ಹಣ್ಣಿಗೆ ಹುಳಿ ಯಾಕ ಹಚ್ಚತೀರಿ, ನೀವು ಜಲ್ದಿ ಬರ್ರಿ, ಸಾಕು," ಎಂದು ಕಾಕುವಿನ ಉತ್ತರ. ಕಾಕಾ ಕೆಲಸದಿಂದ ಬಂದಾಗ ಹುಬ್ಬು, ಮೀಸೆ ಎಲ್ಲ ಕಲ್ಲಿನ ಹುಡಿಯಿಂದ ಬೆಳ್ಳಗಿರುತ್ತಿತ್ತು. ಹೊರಗೇ ಝಾಡಿಸಿಕೊಂಡು ಬರಬೇಕು, ಹಣ್ಣಿಗೆ ಉಪ್ಪು ಆಗಲೇ ಹಾಕಿಯಾಗಿದೆ, ಈ ಹುಡಿ ಬೇಡ ಎಂದು ಕಾಕು ಅವರನ್ನು ಹೊಸ್ತಿಲಲ್ಲೇ ತಡೆಯುತ್ತಿದ್ದರು. ಕಾಕಾ ನಮ್ಮ ಕಡೆ ನೋಡಿ, "ಈ ಮನ್ಯಾಗ ನಾನೂ ಬಾಳಿಹಣ್ಣೇ ನೋಡ್ರವಾ, ನನ್ನ ಪಾಳಿ ಕೊನೀಗೆ," ಅನ್ನುತ್ತಿದ್ದರು.

ನಮಗೆ ಹತ್ತು ತುಂಬಿದ ವರ್ಷ, ಬೇಸಿಗೆ ಸೂಟಿ ಮುಗಿಯುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಸಾದಾ ಜ್ವರ ಎಂದೇ ಎಲ್ಲರೂ ಅಂದುಕೊಂಡಿದ್ದರು. ಬಾಯಿ ಕೆಟ್ಟಿದೆ, ಹಣ್ಣು ಕಲಸಿ ಕೊಡು ಎಂದು ಅವಳು ಹಟ ಹಿಡಿದಳು. ಕಾಕು ಕಲಸಿದರು. ನಾನು ಮಂಚದ ಪಕ್ಕದಲ್ಲೇ ಕುಳಿತಿದ್ದೆ. ಪಪ್ಪಾಯಿಯ ಎರಡು ತುಂಡು ತಿಂದು ಅವಳು ಬಾಳೆಹಣ್ಣು ಕೇಳಿದಳು.

"ಜ್ವರದಾಗ ಬಾಳಿಹಣ್ಣು ಥಂಡಿ ಆಗ್ತದ, ತಂಗಿ. ನೀ ಎದ್ದು ಕುಂದ್ರು, ನಿನ್ನ ಮುಂದ ಹೆಚ್ಚಿ ಕೊಡ್ತೀನಿ."

ನಮ್ಮ ಮನೆಯಲ್ಲಾಗಿದ್ದರೆ ಅಮ್ಮನೂ ಅದನ್ನೇ ಹೇಳುತ್ತಿದ್ದಳು. ಆ ಓಣಿಯಲ್ಲಿ ಜ್ವರದ ಮಕ್ಕಳಿಗೆ ಬಾಳೆಹಣ್ಣು ಕೊಡುವ ತಾಯಿ ಒಬ್ಬಳೂ ಇರಲಿಲ್ಲ. ಕಾಕು ಬೋಗುಣಿಗೆ ಅರಿವೆ ಹೊದಿಸಿ, ಬಾಳೆಹಣ್ಣನ್ನು ಪಕ್ಕದಲ್ಲಿಟ್ಟರು. ಸಂಜೆ ಜ್ವರ ಏರಿತು. ಯಾರದೋ ಜೀಪು ತಂದು ಅವಳನ್ನು ಕಲಬುರಗಿಗೆ ಕರೆದೊಯ್ದರು. ಕಾಕಾ ಅವಳನ್ನು ಎತ್ತಿಕೊಂಡು ಹೊರಬಂದಾಗ ಅವಳು ನನ್ನ ಕಡೆ ನೋಡಿದಳೋ, ಇಲ್ಲವೋ...

ಅವಳು ತಿರುಗಿ ಬಂದದ್ದು ಮಣ್ಣಿಗೆ.

ಅವಳ ದಿನದ ಕಾರ್ಯಕ್ಕೆ ಬಂದ ಹಿರಿಯರು, ಹುಡುಗಿಗೆ ಏನು ಸೇರುತ್ತಿತ್ತೋ ಅದನ್ನು ಎಡೆಗೆ ಇಡಿ ಎಂದರು. ಕಾಕು ಎದ್ದು ಹಣ್ಣು ಕಲಸಿ ತಂದಿಟ್ಟರು. ಬಾಳೆಹಣ್ಣು ಮಾತ್ರ ಇಡಿಯಾಗಿ ಪಕ್ಕದಲ್ಲಿತ್ತು. ಮರೆತಿರಬೇಕೆಂದು ಒಬ್ಬ ಹೆಂಗಸು ಚಾಕು ತೆಗೆದುಕೊಂಡಳು. ಕಾಕು ಅವಳ ಮಣಿಕಟ್ಟು ಹಿಡಿದರು.

"ಅದನ್ನ ಮುಟ್ಟಬ್ಯಾಡ್ರಿ. ಆಕಿ ಎದ್ದು ಕುಂತ ಮ್ಯಾಲೆ ಹೆಚ್ಚಬೇಕದು."

ಆ ಹೆಂಗಸು ಚಾಕುವನ್ನು ಸದ್ದಾಗದಂತೆ ಕೆಳಗಿಟ್ಟಳು.

ಶಾಲೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಕಾಕು ಕರೆದರು. ಮಗಳ ಹೆಸರು ಹಿಡಿದು ಕರೆದರು. ಅಮ್ಮ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. ಎರಡನೆಯ ಸಲವೂ ಅದೇ ಹೆಸರು, ಅದೇ ರಾಗ, ಕೊನೆಯ ಅಕ್ಷರ ಮೊದಲಿನ ಹಾಗೇ ಉದ್ದ. ನಾನು ಎದ್ದು ಹೋದೆ. ಆ ಕರೆಗೆ ಯಾರಾದರೂ ಹೋಗಬೇಕು ಅನಿಸಿತ್ತು, ಅಷ್ಟೆ.

ಕಾಕು ನನ್ನನ್ನು ಅವಳು ಕೂರುತ್ತಿದ್ದ ಜಾಗದಲ್ಲಿ ಕೂರಿಸಿದರು. ಕೈಯ ಹಿಂಬದಿಯಿಂದ ಹಣೆ ಮುಟ್ಟಿ ನೋಡಿದರು. "ಇಳದದ," ಎಂದರು, ತಮ್ಮಷ್ಟಕ್ಕೆ. ಆಮೇಲೆ ನನ್ನ ಮುಖ ನೋಡುತ್ತ ಬಾಳೆಹಣ್ಣು ಸುಲಿದು ಹೆಚ್ಚಿದರು. ನಾನು ತಿಂದೆ. ಕಾಕಾ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಮೈಮೇಲಿನ ಹುಡಿಯನ್ನೂ ಝಾಡಿಸಿರಲಿಲ್ಲ, ಝಾಡಿಸಿಕೊಳ್ಳಿ ಎಂದು ಯಾರೂ ಹೇಳಲೂ ಇಲ್ಲ.

ಅದು ರೂಢಿಯಾಯಿತು. ಮಾವು ಮುಗಿದು, ಪಪ್ಪಾಯಿ ಮತ್ತು ಬಾಳೆ ಮಾತ್ರ ಉಳಿದ ಮೇಲೂ ಕರೆ ನಿಲ್ಲಲಿಲ್ಲ. ಕಾಕು ನನ್ನ ಒಂದು ಜಡೆ ಬಿಚ್ಚಿ ಅವಳ ಹಾಗೆ ಎರಡು ಹಾಕುತ್ತಿದ್ದರು. ಗಣಿತದ ಮಾಸ್ತರರು ಇನ್ನೂ ಹೊಡೆಯುತ್ತಾರೆಯೇ ಎಂದು ಕೇಳುತ್ತಿದ್ದರು. ಹೊಡೆಸಿಕೊಳ್ಳುತ್ತಿದ್ದವಳು ಅವಳು, ನಾನಲ್ಲ. ನಾನು ಹೂಂ ಅನ್ನುತ್ತಿದ್ದೆ. ಬರಬರುತ್ತ ಆ ಪೆಟ್ಟು ನನಗೇ ಬಿದ್ದ ನೆನಪಾಗತೊಡಗಿತು.

ಮನೆಯಲ್ಲಿ ಇದರ ಮಾತು ತಗ್ಗಿದ ದನಿಯಲ್ಲಿ ನಡೆಯುತ್ತಿತ್ತು. ಕೂಸು ಒಂದಿಷ್ಟು ಹಣ್ಣು ತಿಂದು ಬರುತ್ತದೆ, ಅದರಿಂದ ಆ ತಾಯಿಗೆ ಸಮಾಧಾನವಾದರೆ ಆಗಲಿ ಎಂದು ಅಪ್ಪ. ಅಮ್ಮ ಒಂದು ದಿನ ಉತ್ತರ ಕೊಟ್ಟಳು: "ಇವತ್ತ ತಿಂದು ಬರ್ತದ. ಒಂದಿನ ಬರಲಿಲ್ಲಂದ್ರ?"

ಆಗ ಮುಧೋಳದಿಂದ ಅಜ್ಜಿ ನಮ್ಮಲ್ಲಿಗೆ ಬಂದಿದ್ದಳು. ಗೋಡೆಯಾಚೆಯ ಕರೆ ಕೇಳಿ, ನಾನು ಏಳುವುದನ್ನು ನೋಡಿ, ನನ್ನ ಭುಜ ಹಿಡಿದು ಕೂರಿಸಿದಳು. "ಹೋಗೋದಾದ್ರ ಹೋಗು. ಆದರ ಸತ್ತವರ ಹೆಸರಿಗೆ ಓ ಅನಬ್ಯಾಡ. ಓ ಅಂದ್ರ ಬಾಗಲಾ ತಗದಂಗ." ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಳು. ಹಾಗಾಗಿ ನಾನು ಎಂದೂ ಓಗೊಡಲಿಲ್ಲ. ಸುಮ್ಮನೆ ಎದ್ದು ಹೋಗುತ್ತಿದ್ದೆ.

ದಸರಾ ಸೂಟಿಯಲ್ಲಿ ಒಂದು ಮಧ್ಯಾಹ್ನ ಪಡಸಾಲೆಯ ಬರಿ ಫರಸಿಯ ಮೇಲೆ ಮಲಗಿದ್ದೆ. ಕಲ್ಲಿನ ತಂಪಿಗೆ ಗಾಢ ನಿದ್ದೆ ಹತ್ತಿತ್ತು. ಎಲ್ಲಿಂದಲೋ ಆ ಹೆಸರು ಕೇಳಿತು. "ಓ..." ಎಂದು ಯಾರೋ ಅಂದರು.

ಆ ಸದ್ದಿಗೇ ನನಗೆ ಎಚ್ಚರವಾಯಿತು. ಬಾಯಿ ತೆರೆದೇ ಇತ್ತು. ಅಂದವಳು ನಾನೇ ಇರಬೇಕು, ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಆ ಓ ಕೊನೆಗೆ ಸ್ವಲ್ಪ ಮೇಲಕ್ಕೆ ಎಳೆದಂತಿತ್ತು. ಹಾಗೆ ಎಳೆಯುತ್ತಿದ್ದವಳು ಅವಳು... ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಮುಚ್ಚಳ ಬಿತ್ತು. ಅದು ಕಲ್ಲಿನ ಮೇಲೆ ಸುತ್ತುತ್ತ ಸುತ್ತುತ್ತ ನಿಲ್ಲುವವರೆಗೂ ನಾನೂ ಅಮ್ಮನೂ ಒಬ್ಬರನ್ನೊಬ್ಬರು ನೋಡುತ್ತಿದ್ದೆವು.

ಗೋಡೆಯಾಚೆ ಏನೂ ಸದ್ದಿರಲಿಲ್ಲ. ಯಾವಾಗಲೂ ಎರಡು ಸಲ ಕರೆಯುವ ಕಾಕು ಅಂದು ಮತ್ತೆ ಕರೆಯಲಿಲ್ಲ. ಅಮ್ಮ ನನ್ನನ್ನು ಎದೆಗೆ ಅವುಚಿಕೊಂಡು ಕುಳಿತಳು. ಕತ್ತಲಾಗುವವರೆಗೆ ಹಿತ್ತಲಿಗೂ ಬಿಡಲಿಲ್ಲ.

ಮರುದಿನ ಅದೇ ಹೊತ್ತಿಗೆ ಕರೆ ಬಂತು. ನನ್ನ ಹೆಸರು. ನಾನು ಕುಳಿತೇ ಇದ್ದೆ. ಆ ಗೋಡೆಯ ಕಡೆಯಿಂದ ಆ ಹೆಸರು ಕೇಳಿ ಎಷ್ಟೋ ಕಾಲವಾಗಿತ್ತು. ಅದು ನನಗೇ ಎಂದು ತಿಳಿಯಲು ಹೊತ್ತು ಹಿಡಿಯಿತು. "ನಿನಗೇ ಕರೀಲಿಕತ್ತಾರ, ಓ ಅನ್ನು," ಎಂದಳು ಅಮ್ಮ. ಅಂದೆ. ಅಮ್ಮನೂ ಸೆರಗು ಸರಿಮಾಡಿಕೊಂಡು ನನ್ನ ಜೊತೆ ಬಂದಳು.

ಬೋಗುಣಿ ಬಿಳಿ ಬಳೆಯ ಮೇಲೆ ಇತ್ತು. ಅದರ ಮೇಲೆ ಅರಿವೆ ಇರಲಿಲ್ಲ. ಬಾಳೆಹಣ್ಣು ಆಗಲೇ ಹೆಚ್ಚಿ ಕಲಸಿಯಾಗಿತ್ತು; ಬಹಳ ಹೊತ್ತಿನ ಹಿಂದೆಯೇ ಇರಬೇಕು, ತುಂಡುಗಳ ಅಂಚು ಕಂದಿತ್ತು. ಕಾಕು ನೆಲದ ಮೇಲೆ ಕುಳಿತಿದ್ದರು. ನನ್ನ ಹಣೆ ಮುಟ್ಟಲಿಲ್ಲ.

"ಇವತ್ತ ಎಲ್ಲಾ ಕೂಡೇ ಹೆಚ್ಚಿಬಿಟ್ಟೀನಿ," ಎಂದರು. "ನಿನ್ನಿ ಓ ಅಂದ್ಯಲ್ಲ, ನನಗ ಭಾಳ ಹೆದರಿಕಿ ಬಂತು, ತಂಗಿ. ಆಕಿ ಬಂದಳು ಅಂತಲ್ಲ. ನೀ ಹೋದಿ ಅಂತ."

ಅಮ್ಮ ಬಾಗಿಲಿಗೆ ಒರಗಿ ನಿಂತೇ ಇದ್ದಳು.

"ಇನ್ನ ಮ್ಯಾಲೆ ನಿನ್ನ ಹೆಸರಿಲೇ ಕರೀತೀನಿ. ಅದಕ್ಕ ಓ ಅನ್ನು, ಬ್ಯಾರೆ ಯಾವುದಕ್ಕೂ ಅನಬ್ಯಾಡ." ಆಮೇಲೆ ಅಮ್ಮನ ಕಡೆ ತಿರುಗಿ, "ನೀವ್ಯಾಕ ನಿಂತ್ರಿ, ಕುಂದ್ರಿ," ಎಂದರು.

ಮೂವರೂ ತಿಂದೆವು. ಕಾಕು ಕಂದಿದ ಬಾಳೆಯ ಒಂದು ತುಂಡು ಬಾಯಿಗಿಟ್ಟರು. ಮಗಳು ಹೋದ ಮೇಲೆ ಅವರು ಬಾಳೆಹಣ್ಣು ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದಾದ ಮೇಲೆ ಕರೆಗಳು ಕಡಿಮೆಯಾದವು. ನಾನು ಕಾಲೇಜಿಗೆಂದು ಕಲಬುರಗಿಗೆ ಬಂದೆ, ವಿಶ್ವವಿದ್ಯಾಲಯ ಮುಗಿಸಿ ಇಲ್ಲೇ ಕೆಲಸ ಹಿಡಿದೆ. ಕಾಕಾ ಮಷೀನಿನ ಕೆಲಸ ಬಿಟ್ಟ ಮೇಲೆ ಇಬ್ಬರೂ ಚಿಂಚೋಳಿ ಕಡೆ, ಕಾಕುವಿನ ತವರಿನ ಹತ್ತಿರ ಹೋದರು. ಅವರ ಮನೆಗೆ ಬೇರೆ ಬಾಡಿಗೆಯವರು ಬಂದರು. ಒಮ್ಮೆ ನಾನು ಊರಿಗೆ ಹೋದಾಗ ಆ ಮನೆಯ ಹೆಂಗಸು ಸಕ್ಕರೆ ಕೇಳಲು ಬಂದು, ಮಾತಾಡುತ್ತ ನನ್ನನ್ನು ತನ್ನ ಮನೆಯೊಳಗೆ ಕರೆದಳು. ಕಟ್ಟೆಯ ಮೇಲಿನ ಆ ಬಿಳಿ ಬಳೆ ಹಾಗೇ ಇತ್ತು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಎಂದು ಆಕೆ ಬೇಸರಪಟ್ಟುಕೊಂಡಳು. ಅದು ನಿಂಬೆಯದು ಎಂದಷ್ಟೇ ಹೇಳಿದೆ.

ಮಂಗಳವಾರ ಸಂಜೆ ಕೊನೆಗೂ ಚಪ್ಪಲಿ ಬಿಟ್ಟು ಒಳಗೆ ಬಂದೆ. ಫ್ರಿಜ್ಜಿನಿಂದ ಬೋಗುಣಿ ತೆಗೆದೆ. ಪಪ್ಪಾಯಿ ಮೆತ್ತಗಾಗಿ ನೀರು ಬಿಟ್ಟಿತ್ತು, ಮಾವಿನ ಬಣ್ಣ ಮಂಕಾಗಿತ್ತು. ಅದನ್ನು ಕಟ್ಟೆಯ ಕಲ್ಲಿನ ಮೇಲಿಟ್ಟು, ಆ ಕಪ್ಪಾದ ಬಾಳೆಹಣ್ಣನ್ನು ಕೈಗೆತ್ತಿಕೊಂಡೆ. ತಿನ್ನುವವರ ಮುಖ ನೋಡಿ ಹೆಚ್ಚಬೇಕಾದ ಹಣ್ಣು. ಕೋಣೆಯಲ್ಲಿ ನಾನೊಬ್ಬಳೇ.

"ಕಾಕು," ಎಂದು ಕರೆದೆ, ಗೋಡೆಯಾಚೆಗೆ ಕೇಳುವಷ್ಟು ದನಿಯಲ್ಲಿ. ಆಮೇಲೆ ಇನ್ನೊಂದು ಸಲ.

ಯಾರೂ ಓ ಅನ್ನಲಿಲ್ಲ.

ಸಿಪ್ಪೆ ಸುಲಿದೆ. ಒಂದು ಬದಿ ಬಿಟ್ಟರೆ ಒಳಗೆ ಹಣ್ಣು ಇನ್ನೂ ಬೆಳ್ಳಗೇ ಇತ್ತು.