ಗೋಡೆಯ ಕೆಂಪು ಗೆರೆ

ಮಂಡಿಕಲ್ಲಿನ ಕಡೆಯ ನಮ್ಮೂರಿನಲ್ಲಿ ನನ್ನ ಮನೆಗೂ ದಾಯಾದಿ ಅಣ್ಣನ ಮನೆಗೂ ಬೀದಿಯ ಕಡೆ ಒಂದೇ ಕಲ್ಲುಗೋಡೆ. ಎರಡು ಬಾಗಿಲುಗಳ ನಡುವೆ, ಆಳೆತ್ತರದಿಂದ ಕೆಳಕ್ಕೆ, ಒಂದು ಕೆಂಪು ಗೆರೆ ಇಳಿದಿತ್ತು. ಪಾಲಾಗುವ ದಿನ ನಮ್ಮ ತಾತಂದಿರಲ್ಲಿ ಒಬ್ಬರು ಇನ್ನೊಬ್ಬರ ತಲೆಯನ್ನು ಅಲ್ಲಿಗೆ ಜಜ್ಜಿದರಂತೆ. ಆ ರಕ್ತ ಹೋಗದಿರುವ ಕಾರಣ ಎರಡೂ ಮನೆಗಳಿಗೆ ಮಾತಿಲ್ಲ ಎಂಬುದು ಹಿರಿಯರ ಹೇಳಿಕೆ.

ಏಳನೇ ತರಗತಿಗೆ ಶಾಲೆ ಬಿಟ್ಟರೂ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದವನು ನಾನು. ರಕ್ತ ಮಳೆಗೆ ತೊಳೆದುಹೋಗುತ್ತದೆ. ಮೂರು ತಲೆಮಾರು ಕೆಂಪಗೆ ಉಳಿಯುವುದಿಲ್ಲ. ಹೆಂಡತಿ ಇದ್ದಾಗ ಈ ಅನುಮಾನವನ್ನು ಅವಳಿಗೆ ಹೇಳಿ ಸುಮ್ಮನಾಗುತ್ತಿದ್ದೆ. ಅವಳು ತೀರಿಕೊಂಡ ಮೇಲೆ ಬೀದಿಯಲ್ಲಿ ನನ್ನ ವಯಸ್ಸಿನವನು ಎಂದು ಉಳಿದವನು ಅಣ್ಣನೊಬ್ಬನೇ. ಕಥೆ ಸುಳ್ಳೆಂದು ತೋರಿಸಿದರೆ ಅವನು ನನ್ನೊಡನೆ ಮಾತನಾಡಲೇಬೇಕಾಗುತ್ತದೆ ಎಂದುಕೊಂಡೆ.

ಸ್ಟೂಲು ಹತ್ತಿ ನೋಡಿದರೆ, ಗೆರೆಯ ತುದಿಯಲ್ಲಿ, ಪಾಚಿಯ ಹಿಂದೆ, ಕಲ್ಲಿನ ಸಂದಿಯಲ್ಲಿ ಮುರಿದ ಕಬ್ಬಿಣದ ಕೊಂಡಿಯಿತ್ತು. ಅದನ್ನು ಕಿತ್ತು ಸಂದಿಗೆ ಗಾರೆ ತುಂಬಿದೆ. ಆಸಿಡ್ ಸುರಿದರೆ ಸಾಕೆಂದು ಪೆರೇಸಂದ್ರದ ಅಂಗಡಿಯವನು ಹೇಳಿದ್ದ. ನಂಬದೆ ಬಿಡಿ ಕಲ್ಲೊಂದರ ಮೇಲೆ ಪರೀಕ್ಷಿಸಿದೆ, ಕಲ್ಲು ಹಳದಿಗಟ್ಟಿತು. ಕೊನೆಗೆ ಅಡುಗೆಯಲ್ಲಿ ಹುಳಿಗೆ ಹಾಕುವ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ, ಜೇಡಿಮಣ್ಣಿನಲ್ಲಿ ಕಲಸಿ, ಗೆರೆಯುದ್ದಕ್ಕೂ ದಪ್ಪಗೆ ಮೆತ್ತಿ ಪ್ಲಾಸ್ಟಿಕ್ ಹೊದಿಸಿದೆ. ನೆನೆದ ಮೇಲೆ ಹೊದಿಕೆ ತೆಗೆದು, ಒಣಗಲು ಬಿಟ್ಟು, ಮರದ ಚಕ್ಕೆಯಿಂದ ಕೆರೆದು ತೊಳೆದೆ. ಗೆರೆ ತುಸು ಮಾಸಿತು. ಮತ್ತೆ ಮೆತ್ತಿದೆ.

ಅಣ್ಣ ಜಗುಲಿಯಿಂದ ನೋಡುತ್ತಿದ್ದ. ನನ್ನೊಡನೆ ಮಾತಿಲ್ಲವಲ್ಲ, ಅದಕ್ಕೆ ಬಾಗಿಲಲ್ಲಿ ಕಟ್ಟಿದ್ದ ತನ್ನ ಹಸುವಿಗೆ ಹೇಳಿದ: “ಏಮಮ್ಮಾ, ನೋಡ್ದ್ಯಾ? ಗೋಡೆಗೆ ಫೇಷಿಯಲ್ ಮಾಡ್ತಾವ್ರೆ!”

ನಾನೂ ಹಸುವಿಗೇ ಹೇಳಿದೆ: “ಮುಖ ತೊಳ್ಕೊಳೋರಿಗೆ ಅದೆಲ್ಲ ಗೊತ್ತಾಗುತ್ತೆ ಕಣಮ್ಮ. ಇದು ರಕ್ತ ಅಲ್ಲ, ತುಕ್ಕು.”

“ಓದು ಜಾಸ್ತಿ ಆದ್ರೆ ಹಿಂಗೇ ಕಣಮ್ಮ. ತಾತನ್ ರಕ್ತಾನೂ ತುಕ್ಕಾಗಿ ಕಾಣುತ್ತೆ.”

ಹಸು ಇಬ್ಬರ ನಡುವೆ ಮೆಲುಕು ಹಾಕುತ್ತ ನಿಂತಿತ್ತು. ಆ ದಿನಗಳಲ್ಲಿ ನಾನು ಬೆಳಗಾಗುವುದನ್ನೇ ಕಾಯುತ್ತಿದ್ದೆ.

ಗೆರೆ ಪೂರ್ತಿ ಹೋದ ದಿನ ಕೊಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ಅವನ ಜಗುಲಿಯ ಮುಂದೆ ನಿಂತೆ.

“ಅಣ್ಣ, ನೋಡು. ಲಾಟೀನು ನೇತಾಕ್ತಿದ್ದ ಕೊಂಡಿ ಇರ್ಬೇಕು. ಇದರ ತುಕ್ಕು ಅದು.”

ಅವನು ಕೊಂಡಿಯನ್ನು ತೆಗೆದುಕೊಂಡು ತಿರುಗಿಸಿ ನೋಡಿದ. ಗೋಡೆಯ ಬಳಿಗೆ ಹೋಗಿ, ಗೆರೆಯಿದ್ದ ಜಾಗವನ್ನು ಮೇಲಿನಿಂದ ಕೆಳಗಿನವರೆಗೆ ಸವರಿದ. ಆಮೇಲೆ ಹಸುವಿನ ಕಡೆ ತಿರುಗಿದ.

“ಹಂಗಾದ್ರೆ ಇಷ್ಟು ವರ್ಷ ನಾವ್ಯಾಕಮ್ಮ ಮಾತಾಡ್ಲಿಲ್ಲ?”

ಕಲ್ಲಿನ ವಿಷಯವಾಗಿ ಏನು ಕೇಳಿದ್ದರೂ ಹೇಳುತ್ತಿದ್ದೆ. ಅವನು ಕೊಂಡಿಯನ್ನು ಹಿಡಿದುಕೊಂಡೇ ಒಳಗೆ ಹೋದ.

ಮರುದಿನದಿಂದ ಹಸುವನ್ನು ಹಿತ್ತಲಿನಲ್ಲಿ ಕಟ್ಟುತ್ತಿದ್ದಾನೆ. ಬೆಳಗಿನ ಹೊತ್ತು ಹಿತ್ತಲ ಗೋಡೆಯಾಚೆ ಅವನು ಅದಕ್ಕೆ ಏನೋ ಹೇಳುವುದು ಕೇಳುತ್ತದೆ; ಮಾತು ತಿಳಿಯುವುದಿಲ್ಲ. ತೊಳೆದ ಜಾಗ ಉಳಿದ ಗೋಡೆಗಿಂತ ಬೆಳ್ಳಗಾಗಿ ಬೀದಿಯ ತುದಿಗೂ ಕಾಣುತ್ತದೆ. ಹೊಸಬರು ಕೆಲವರು ನಿಂತು, “ಅಲ್ಲೇನಿತ್ತು ತಾತ?” ಎನ್ನುತ್ತಾರೆ. ತುಕ್ಕು ಎನ್ನುತ್ತೇನೆ. ತಲೆಯಾಡಿಸಿ ಮುಂದೆ ಹೋಗುತ್ತಾರೆ.