ಹತ್ತಿರದ ಎರಡು ಮೊಳೆಗಳು

ಅವರ ಬಲಗೈಯ ತೋರುಬೆರಳಿನಲ್ಲಿ ದಾರ ಕೊರೆದ ಒಂದು ಗೆರೆ ಇತ್ತು. ಎಡಗೈಯೋ? ಬಲಗೈ ಎಂದೇ ಇಟ್ಟುಕೊಳ್ಳೋಣ. ನೆನಪು ತೀರಾ ಖಚಿತವಾಗಿ ಮಾತಾಡತೊಡಗಿದರೆ ನನಗೆ ಅನುಮಾನ.

ಮರಾಠಿ ಸೀಮೆಯ ಕೋಥರೂಡಿನ ಟ್ಯೂಷನ್ ಕ್ಲಾಸಿನಲ್ಲಿ ಅವರು ವಿಜ್ಞಾನ ಹೇಳುತ್ತಿದ್ದರು, ನಾನು ಗಣಿತ. ಅವರು ವಿಜಯಪುರದ ಕಡೆಯವರು, ನಾನು ಮಾಸ್ತರ್ ಎಂದೇ ಕರೆಯುತ್ತಿದ್ದೆ. ಗ್ರಹಗಳ ಪಾಠ ಬಂದರೆ ಮರದ ಹಲಗೆಗೆ ಎರಡು ಮೊಳೆ ಹೊಡೆದು, ದಾರದ ಕುಣಿಕೆ ಹಾಕಿ, ಅದನ್ನು ಸೀಮೆಸುಣ್ಣದಿಂದ ಬಿಗಿಹಿಡಿದು ಸುತ್ತ ಎಳೆಯುತ್ತಿದ್ದರು. ಮೊಳೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ.

“ಸರ್, ಹೇ ತರ್ ವರ್ತುಳಚ್ ಆಹೇ!” ಇದು ವೃತ್ತವೇ ತಾನೇ ಎಂದು ಮಕ್ಕಳು ಕೂಗುತ್ತಿದ್ದರು. ಮಾಸ್ತರರಿಗೆ ಬೇಕಾಗಿದ್ದದ್ದೂ ಅದೇ. ವೃತ್ತವಲ್ಲ, ಆದರೆ ಕಣ್ಣಿಗೆ ವ್ಯತ್ಯಾಸ ಸಿಗದು. ಭೂಮಿಯ ದಾರಿ ಹೀಗೆ, ಚಂದ್ರನದೂ ಹೆಚ್ಚುಕಡಿಮೆ ಹೀಗೆ ಎಂದು ದಣಿದ ಮರಾಠಿಯಲ್ಲಿ ವಿವರಿಸುತ್ತಿದ್ದರು.

ಕ್ಲಾಸಿನ ನೋಟ್ಸಿನಲ್ಲಿ ಮಾತ್ರ ಕಕ್ಷೆ ಉದ್ದ ಮೊಟ್ಟೆಯಂತಿತ್ತು. ಹುಡುಗಿಯೊಬ್ಬಳು ಶಾಲೆಯ ಪರೀಕ್ಷೆಯಲ್ಲಿ ಮಾಸ್ತರರ ಹಾಗೆ ಬರೆದು ಮಾರ್ಕು ಕಳೆದುಕೊಂಡಳು. ಅವಳ ತಂದೆ ಬಂದು ಗಲಾಟೆ ಮಾಡಿದರು. ಮೊಟ್ಟೆಯನ್ನೇ ಕಲಿಸಿ, ಇಲ್ಲವೇ ಬೇರೆ ಕಡೆ ನೋಡಿಕೊಳ್ಳಿ ಎಂದರು ಕ್ಲಾಸಿನ ಮಾಲೀಕರು. ಅರವತ್ತು ದಾಟಿದವರಿಗೆ ಬೇರೆ ಕಡೆ ಎಂಬುದು ಇರಲಿಲ್ಲ.

ಅಂದು ಸಂಜೆ ಬಸ್ ಸ್ಟಾಪಿನಲ್ಲಿ ನಾನು, “ಒಂದು ಚಿತ್ರ ತಾನೇ ಮಾಸ್ತರ್, ಬರೆದುಬಿಡಿ” ಎಂದೆ.

“ಬರಿತೀನ್ರೀ, ಕೈಗೇನು ಧಾಡಿ? ಆದ್ರ ಅಷ್ಟು ಜಗ್ಗಿದ್ರ ಭೂಮಿ ಒಮ್ಮೆ ಸುಡ್ತದ, ಒಮ್ಮೆ ಹೆಪ್ಪುಗಟ್ತದ. ನೀವು ಬೆಂಗಳೂರು ಮಂದಿ, ಸ್ವೆಟರ್ ಹಾಕ್ಕೊಂಡು ಉಳಿತೀರಿ. ನಮ್ಮ ವಿಜಯಪುರದವ್ರ ಗತಿ?”

ಮರುದಿನ ಮೊಳೆಗಳನ್ನು ದೂರ ದೂರ ಹೊಡೆದರು. ಮೊಟ್ಟೆ ಬಂತು. ಪರೀಕ್ಷೆಯಲ್ಲಿ ಇದನ್ನೇ ಬರೆಯಿರಿ ಎಂದರು. ಭೂಮಿ ಹೀಗೆ ಹೋಗುವುದಿಲ್ಲ ಎಂದೂ ಅಂದರು. ಆ ಎರಡನೆಯ ಮಾತು ಮಾಲೀಕರ ಕಿವಿಗೆ ಬಿತ್ತು. ತಿಂಗಳ ಕೊನೆಗೆ ಮಾಸ್ತರರನ್ನು ಕೆಲಸದಿಂದ ಬಿಡಿಸಿದರು.

ಮೊನ್ನೆ ಮಾಸ್ತರರು ತೀರಿಕೊಂಡರು. ಸ್ಮಶಾನದಿಂದ ಮರಳುವಾಗ ಹಳೆಯ ವಿದ್ಯಾರ್ಥಿಯೊಬ್ಬ, ಕೆಲಸದ ಕೊನೆಯ ದಿನ ಸರ್ ಸೀಮೆಸುಣ್ಣವನ್ನು ಮಾಲೀಕರ ಮುಖಕ್ಕೆ ಎಸೆದು ಹೊರಟುಬಿಟ್ಟರು ಎಂದು ಹೇಳುತ್ತಿದ್ದ. ಕೇಳಿದವರು ತಲೆದೂಗಿದರು. ತಿದ್ದುವ ತ್ರಾಣ ನನ್ನಲ್ಲಿರಲಿಲ್ಲ. ಈಗ ಬರೆಯುವಾಗಲೂ ಕೈ ಅತ್ತಲೇ ಜಗ್ಗುತ್ತಿದೆ.

ಅವರು ಏನನ್ನೂ ಎಸೆಯಲಿಲ್ಲ. ಹಲಗೆ ಒರೆಸಿದರು, ಮೊಳೆ ಕಿತ್ತರು, ದಾರ ಸುತ್ತಿ ಕಿಸೆಗೆ ಹಾಕಿಕೊಂಡರು. “ಸಾಕಾತ್ರೀ, ಬರ್ತೀನಿ” ಎಂದು ಬಸ್ಸಿಗೆ ನಡೆದರು, ಎಲ್ಲರ ಹಾಗೆ. ಹೆಚ್ಚುಕಡಿಮೆ ಎಲ್ಲರ ಹಾಗೆ.