ಇಪ್ಪತ್ತು ಸೋಲಿನ ಸಂಚಿ

ಇವತ್ತು ಲಿಂಗಸುಗೂರಿನ ಅಂಗಡಿಯೊಂದರಲ್ಲಿ ಯಾರೋ ಹೊಸ ಇಸ್ಪೀಟ್ ಕಟ್ಟು ಬಿಚ್ಚಿದರು. ಆ ವಾಸನೆಗೆ ನನಗೆ ಅಮರಪ್ಪ ಕಾಕಾ ನೆನಪಾದರು. ಬೇರೆಯವರಿಗೆ ಊದುಬತ್ತಿಯ ವಾಸನೆಗೆ ಹಿರಿಯರು ನೆನಪಾಗುತ್ತಾರಂತೆ. ನನ್ನ ಯೋಗ್ಯತೆ ಇಷ್ಟೇ, ಏನು ಮಾಡುತ್ತೀರಿ.

ಮಸ್ಕಿಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಕಾಕಾ ಪ್ರತಿ ಭಾನುವಾರ ಸಿಂಧನೂರಿನ ಬಸ್ ಹತ್ತುತ್ತಿದ್ದರು. ಅಲ್ಲಿ ಗೆಳೆಯರೊಬ್ಬರ ಗೋದಾಮಿನಲ್ಲಿ ರಮ್ಮಿಗೆ ಮೂರು ಜಮಖಾನಿ ಹಾಸಿರುತ್ತಿತ್ತು. ಒಂದು ಸೋಲಿಗೆ ಐದು ರೂಪಾಯಿ ಹೋಗುವ ಆಟದ್ದು, ಐವತ್ತರದ್ದು, ಐನೂರರದ್ದು. ಕಾಕಾನ ಸಂಚಿಯಲ್ಲಿ ಆಟದ ರೊಕ್ಕ ಮಾತ್ರ. ಮನೆಯ ಒಂದು ಪೈಸೆ ಅದಕ್ಕೆ ಬೀಳುವಂತಿಲ್ಲ. ಒಂದು ಜಮಖಾನಿಯ ಇಪ್ಪತ್ತು ಸೋಲು ತಾಳುವಷ್ಟು ಸಂಚಿಯಲ್ಲಿ ಇದ್ದರೆ ಆ ಜಮಖಾನಿ, ಇಲ್ಲವಾದರೆ ಅದಕ್ಕಿಂತ ಸಣ್ಣದು. ಎದ್ದು ಸಣ್ಣ ಆಟಕ್ಕೆ ಹೋಗುವಾಗ ಅವರಿಗೆ ನಾಚಿಕೆಯೇ ಆಗುತ್ತಿರಲಿಲ್ಲ, ಬಿಸಿಲಿನಿಂದ ನೆರಳಿಗೆ ಸರಿದಷ್ಟು ಸಲೀಸು.

ನನಗದು ಹೇಡಿತನ ಅನ್ನಿಸುತ್ತಿತ್ತು. ನಾನು ಲಿಂಗಸುಗೂರಿನಲ್ಲಿ ಸರ್ಕಾರಿ ಗುಮಾಸ್ತ, ಆಗಷ್ಟೇ ಬಡ್ತಿ ಬೇರೆ ಸಿಕ್ಕಿತ್ತು. ಒಂದು ಭಾನುವಾರ ನೇರ ಐನೂರರ ಜಮಖಾನಿಗೇ ಕೂತೆ. ಮಧ್ಯಾಹ್ನಕ್ಕೆ ಜೇಬು ಖಾಲಿ. ಮಗಳ ಶಾಲೆಗೆ ಕಟ್ಟಬೇಕಿದ್ದ ಫೀಜಿನ ಲಕೋಟೆಗೆ ಕೈ ಹಾಕಿದಾಗ ಕಾಕಾ ಎದ್ದು ಬಂದು ಕೈ ಹಿಡಿದರು.

"ಅದನ್ನ ಮುಟ್ಟಬ್ಯಾಡಲೇ. ಎದ್ದು ಮನಿಗೆ ನಡಿ."

ನಾನು ಏಳಲಿಲ್ಲ. ಆಗ ಅವರು ತಮ್ಮ ಸಂಚಿಯನ್ನೇ ಬಿಚ್ಚಿ ನನ್ನ ಮುಂದಿಟ್ಟರು. ವರ್ಷಗಟ್ಟಲೆ ಗೆದ್ದು ಸೋತು ಉಳಿಸಿಕೊಂಡಿದ್ದು. ಐನೂರರ ಆಟದಲ್ಲಿ ಅದು ನಾಲ್ಕೈದು ಸೋಲಿನ ಬಾಬತ್ತು. ಚಹಾ ಬರುವಷ್ಟರಲ್ಲಿ ಮುಗಿಸಿದೆ. ಫೀಜು ಮಾತ್ರ ಉಳಿಯಿತು.

ಮುಂದಿನ ಭಾನುವಾರ ಕಾಕಾ ಬಸ್ ಹತ್ತಲಿಲ್ಲ. ಸಂಬಳ ಬಂದದ್ದೇ ಅಷ್ಟೂ ರೊಕ್ಕ ಮಸ್ಕಿಗೆ ಒಯ್ದೆ. ಕಾಕಾ ಮುಟ್ಟಲೂ ಇಲ್ಲ. "ಇದು ನಿನ್ನ ಹೆಂಡ್ತಿ ಮಕ್ಕಳ ರೊಕ್ಕ, ಆಟದ್ದಲ್ಲ" ಅಂದರು. ಸಂಚಿ ಮುಗಿದರೆ ಆಟ ಮುಗಿಯಿತು, ಅದು ಅವರ ನೇಮ.

ಹಾಗಾದರೆ ಗೆದ್ದೇ ತುಂಬಿಸಿ ಕೊಡುತ್ತೇನೆ ಅಂತ ಹಟ ಹಿಡಿದೆ. ಐದರ ಜಮಖಾನಿಗೆ ಕೂತೆ, ಗೆದ್ದದ್ದನ್ನು ಬೇರೆ ಕಟ್ಟಿಟ್ಟೆ. ಕಾಕಾ ಹೇಳಿದ ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ಇದಕ್ಕೆ ನಾಲ್ಕು ವರ್ಷ ಹಿಡಿಯಿತು. ಪ್ರತಿ ಭಾನುವಾರ ಸಿಂಧನೂರಿಗೆ ಹೋಗುವ ನನ್ನ ಬಸ್ಸು ದಾರಿಯಲ್ಲಿ ಮಸ್ಕಿಯಲ್ಲಿ ನಿಲ್ಲುತ್ತಿತ್ತು. ಸಂಚಿ ತುಂಬದೆ ಯಾವ ಮುಖ ಹೊತ್ತು ಹೋಗಲಿ ಅಂತ ನಾನು ಇಳಿಯುತ್ತಿರಲಿಲ್ಲ. ಭಾನುವಾರ ಮುಚ್ಚಿರುತ್ತಿದ್ದ ಅಂಗಡಿಯ ಮೆಟ್ಟಿಲ ಮೇಲೆ ಕಾಕಾ ಕೂತು ಬಸ್ಸು ನೋಡುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು.

ಹೋದ ಭಾನುವಾರ ತುಂಬಿದ ಸಂಚಿ ಹಿಡಿದು ಇಳಿದೆ. ದನಿ ಕೇಳಿದ ಮೇಲೆಯೇ ಕಾಕಾ ನನ್ನ ಗುರುತು ಹಿಡಿದರು. ಸಂಚಿಯನ್ನು ಕೈಯಲ್ಲಿ ತೂಗಿ, ಎಲ್ಲಾ ಗೆದ್ದದ್ದೇನು ಅಂತ ಕೇಳಿದರು. ಹೌದು ಅಂದೆ.

"ಈಗ ಇಸ್ಪೀಟ್ ಎಲಿ ಕಾಣವಲ್ಲವು ನೋಡಪಾ ನನಗ" ಅಂದರು. ಆಮೇಲೆ ಕೇಳಿದರು, "ಇಷ್ಟು ತುಂಬೂತನಕ ಯಾಕ ಕಾಯ್ದಿ? ಗೆದ್ದ ನೂರು ರೂಪಾಯಿ ತಂದಿದ್ದರ ಸಾಕಿತ್ತು. ಐದರ ಜಮಖಾನಿಗೆ ಕುಂದ್ರತಿದ್ದೆ."

ಸಂಚಿಯ ಲೆಕ್ಕ ಕಲಿತವನಿಗೆ ಅಷ್ಟು ಹೊಳೆಯಬಾರದಿತ್ತೇ. ಆ ನೂರು ರೂಪಾಯಿಯನ್ನು ನಾನು ಮೊದಲ ತಿಂಗಳಲ್ಲೇ ಗೆದ್ದಿದ್ದೆ.